ಒಂದು ಪ್ಲೇಟ್ ಒಗ್ಗರಣೆಗೆ ಎಷ್ಟು ಬೀಳುತ್ತದೆ? ಸಣ್ಣ ಹೋಟೆಲ್ ಉಳಿಸಿಕೊಳ್ಳುವ ಲೆಕ್ಕ

ನಮ್ಮದು ಕೊಪ್ಪಳದಲ್ಲಿ ಒಗ್ಗರಣೆ-ಮಿರ್ಚಿ ಹೋಟೆಲ್. ಒಗ್ಗರಣೆ ಅಂದರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಅಂದರೆ ಮೆಣಸಿನಕಾಯಿ ಬಜ್ಜಿ. ಹೋಟೆಲ್ ಅಂದರೆ ದೊಡ್ಡದೇನಲ್ಲ. ಹತ್ತಕ್ಕೆ ಹದಿನಾಲ್ಕು ಅಡಿ ಅಂಗಡಿ, ನಾಲ್ಕು ಬೆಂಚು, ಹೊರಗೆ ತಗಡಿನ ಕೆಳಗೆ ಬಾಣಲೆ. ಬೆಳಿಗ್ಗೆ ಐದೂವರೆಗೆ ಒಲೆ ಹಚ್ಚುತ್ತೇವೆ. ಗಿಣಿಗೇರಾ ಕಡೆ ಫ್ಯಾಕ್ಟರಿಗೆ ಹೋಗುವವರು ಮೊದಲು ಬರುತ್ತಾರೆ, ಆಮೇಲೆ ಕಾಲೇಜು ಹುಡುಗರು, ಹತ್ತು ಗಂಟೆ ಮೇಲೆ ಹಳ್ಳಿಯಿಂದ ಕೆಲಸಕ್ಕೆ ಬಂದವರು. ಮಧ್ಯಾಹ್ನ ಒಂದಕ್ಕೆ ಬಾಗಿಲು. ನಾನು, ನಮ್ಮ ಮನೆಯವರು, ಸಂಬಳಕ್ಕೆ ಇಬ್ಬರು.

2025ರ ಬೇಸಿಗೆಯಲ್ಲಿ ಒಂದು ರಾತ್ರಿ ಮಗಳು ಕೇಳಿದಳು: "ಅವ್ವಾ, ಒಂದು ಪ್ಲೇಟಿಗೆ ನಮಗ ಎಷ್ಟ ಬೀಳ್ತದ?" ಅವಳು ಬಿಕಾಂ ಓದುತ್ತಾಳೆ. "ಬೀಳ್ತದ ಒಂದ ಇಪ್ಪತ್ತು, ಇಪ್ಪತ್ತೈದು" ಅಂದೆ. ಹದಿನೆಂಟು ವರ್ಷ ಹೋಟೆಲ್ ನಡೆಸಿದ ಮೇಲೆ ನಾನು ಕೊಟ್ಟ ಉತ್ತರ ಅದು! ಮೂರು ರಾತ್ರಿ ಕೂತು ಬರೆದೆವು. 35 ರೂಪಾಯಿಗೆ ಮಾರುತ್ತಿದ್ದ ಪ್ಲೇಟಿಗೆ 34 ರೂಪಾಯಿ 40 ಪೈಸೆ ಬೀಳುತ್ತಿತ್ತು.

ಆ ವರ್ಷ ನಮ್ಮ ಸಾಲಿನಲ್ಲೇ ಎರಡು ಅಂಗಡಿ ಬಾಗಿಲು ಹಾಕಿದವು. ಒಬ್ಬರು ಎಣ್ಣೆ ರೇಟನ್ನು ಬೈದರು, ಇನ್ನೊಬ್ಬರು ಜಿಎಸ್‌ಟಿಯನ್ನು ಬೈದರು. ಬೈದಿದ್ದರಲ್ಲಿ ತಪ್ಪೇನಿಲ್ಲ. ಆದರೆ ಇಬ್ಬರ ಹತ್ತಿರವೂ ಲೆಕ್ಕದ ಪುಸ್ತಕ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ, ಮಗಳು ಕೇಳುವ ತನಕ. ಹೋಟೆಲ್, ಚಹಾದಂಗಡಿ, ಖಾನಾವಳಿ ನಡೆಸುವವರು ಏನು ಮಾಡಬಹುದು ಅಂತ ನಮಗೆ ಆದ ಅನುಭವದಿಂದ ಬರೆಯುತ್ತಿದ್ದೇನೆ.

ಮೊದಲು ಪ್ಲೇಟಿನ ಲೆಕ್ಕ

ತಿಂಗಳ ಖರ್ಚು ಎಷ್ಟು ಅಂತ ಕೇಳಿಕೊಂಡರೆ ಉತ್ತರ ಸಿಗಲ್ಲ. ಒಂದು ಪ್ಲೇಟಿಗೆ ಎಷ್ಟು ಅಂತ ಕೇಳಿಕೊಳ್ಳಿ. ಅದಕ್ಕೆ ಒಂದು ಬ್ಯಾಚ್ ಹಿಡಿದು ತೂಗಬೇಕು. ಅಂದಾಜು ಬೇಡ, ತಕ್ಕಡಿಯಲ್ಲೇ ತೂಗಿ.

ನಮ್ಮದು 2 ಕೆಜಿ ಮಂಡಾಳಿನ ಬ್ಯಾಚ್. ಮಂಡಕ್ಕಿ, ಮಂಡಾಳು, ಚುರುಮುರಿ, ನಿಮ್ಮೂರಲ್ಲಿ ಏನಂತೀರೋ ಅದು. ಒಂದು ಬ್ಯಾಚಿಗೆ 30 ಪ್ಲೇಟ್ ಬರುತ್ತವೆ. ಆಗಿನ ನಮ್ಮ ರೇಟಿನಲ್ಲಿ ಮಂಡಾಳು 130 ರೂಪಾಯಿ, ಎಣ್ಣೆ 56, ಉಳ್ಳಾಗಡ್ಡಿ 45, ಟೊಮೆಟೊ 30, ಹಸಿಮೆಣಸಿನಕಾಯಿ-ಕರಿಬೇವು-ಕೊತ್ತಂಬರಿ 35, ಪುಟಾಣಿ ಹಿಟ್ಟು 36, ಶೇಂಗಾ 30, ಲಿಂಬೆಹಣ್ಣು 20, ಸಾಸಿವೆ-ಅರಿಶಿನ-ಉಪ್ಪು 10. ಒಟ್ಟು 392. ಪ್ಲೇಟಿಗೆ 13 ರೂಪಾಯಿ 7 ಪೈಸೆ.

ಮಿರ್ಚಿ ಬೇರೆ ಲೆಕ್ಕ. 100 ಮಿರ್ಚಿಗೆ ಕಡ್ಲಿಹಿಟ್ಟು 200 ರೂಪಾಯಿ, ಮೆಣಸಿನಕಾಯಿ 105, ಓಂಕಾಳು-ಸೋಡಾ-ಉಪ್ಪು 15. ಎಣ್ಣೆಗೆ ಎಷ್ಟು ಅಂತ ಯಾರಿಗೂ ಗೊತ್ತಿರಲ್ಲ, ಯಾಕಂದ್ರೆ ಬಾಣಲೆಗೆ ಸುರಿದಿದ್ದೆಲ್ಲ ಖರ್ಚಾಗಲ್ಲ. ಹಾಗಾಗಿ ಕರಿಯುವ ಮುಂಚೆ ಎಣ್ಣೆ ಅಳೆದಿಡಿ, ಕರಿದು ತಣ್ಣಗಾದ ಮೇಲೆ ಮತ್ತೆ ಅಳೆಯಿರಿ. ನಮಗೆ 100 ಮಿರ್ಚಿಗೆ 1.2 ಲೀಟರ್ ಕಡಿಮೆ ಬಂತು, ಅಂದರೆ 168 ರೂಪಾಯಿ. ಒಟ್ಟು 488. ಒಂದು ಮಿರ್ಚಿಗೆ 4 ರೂಪಾಯಿ 88 ಪೈಸೆ. ಪ್ಲೇಟಿಗೆ ಎರಡು ಕೊಡುತ್ತಿದ್ದೆವು.

ಇಷ್ಟಕ್ಕೇ ನಿಲ್ಲಿಸಿದರೆ ಪ್ಲೇಟಿಗೆ 23 ರೂಪಾಯಿ ಆಗುತ್ತದೆ, 12 ರೂಪಾಯಿ ಲಾಭ ಅನ್ನಿಸುತ್ತದೆ. ನಾನು ಹದಿನೆಂಟು ವರ್ಷ ನಂಬಿದ್ದು ಅದನ್ನೇ. ಪ್ಲೇಟ್ ಹೋದರೂ ಹೋಗದಿದ್ದರೂ ಆಗುವ ಖರ್ಚು ಇನ್ನೊಂದಿದೆ. ಗ್ಯಾಸ್ ದಿನಕ್ಕೆ 450, ಯಾಕಂದ್ರೆ ಆಗ 1,800ರ ಆಸುಪಾಸು ಇದ್ದ ಸಿಲಿಂಡರ್ ನಮಗೆ ನಾಲ್ಕು ದಿನ ಬರುತ್ತಿತ್ತು. ಬಾಡಿಗೆ 250, ಇಬ್ಬರ ಕೂಲಿ 850, ಕರೆಂಟು 60, ಪೇಪರ್-ಸೋಪು-ನೀರು 110, ಲೈಸೆನ್ಸುಗಳದ್ದು ದಿನದ ಲೆಕ್ಕದಲ್ಲಿ 16. ಒಟ್ಟು 1,736. ದಿನಕ್ಕೆ 150 ಪ್ಲೇಟಿಗೆ ಹಂಚಿದರೆ ಪ್ಲೇಟಿಗೆ 11 ರೂಪಾಯಿ 57 ಪೈಸೆ.

ಹಾಗೆ 34.40 ಆಯಿತು. ಉಳಿದಿದ್ದು 60 ಪೈಸೆ, ದಿನಕ್ಕೆ 90 ರೂಪಾಯಿ. ಚಹಾದಿಂದ 280 ಸೇರಿಸಿ ದಿನಕ್ಕೆ 370. ಅದು ನಮ್ಮಿಬ್ಬರ ದುಡಿಮೆ. ಪ್ಲೇಟ್ ತೊಳೆಯುವ ಹುಡುಗನಿಗೆ ನಾವು 400 ಕೊಡುತ್ತಿದ್ದೆವು. ಇದನ್ನು ನೋಡಿ ನಮ್ಮ ಮನೆಯವರು ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ನಿಂತರು.

ನಿಮ್ಮ ಅಂಕಿ ಬೇರೆ ಇರುತ್ತವೆ. ಲೆಕ್ಕದ ದಾರಿ ಮಾತ್ರ ಇದೇ. ಸಾಮಾನಿನ ಖರ್ಚು ಬೇರೆ, ದಿನದ ಖರ್ಚು ಬೇರೆ. ಎರಡನ್ನೂ ಕೂಡಿಸದೆ ರೇಟ್ ಹೇಳಬೇಡಿ.

ಪುಸ್ತಕ ಹೇಗೆ ಬರೆಯೋದು

ಮೊಬೈಲ್ ಆ್ಯಪ್ ಇವೆ, ಮಗಳು ತೋರಿಸಿದಳು. ಹಿಟ್ಟಿನ ಕೈಯಲ್ಲಿ ಮೊಬೈಲ್ ಮುಟ್ಟೋಕಾಗಲ್ಲ. ನಾನು ಉದ್ದ ನೋಟ್‌ಬುಕ್ಕಿನಲ್ಲೇ ಬರೆಯುತ್ತೇನೆ. ಎಡಗಡೆ ಪುಟದಲ್ಲಿ ತಂದಿದ್ದು: ಏನು, ಎಷ್ಟು ಕೆಜಿ, ಎಷ್ಟು ರೂಪಾಯಿ. ಬಲಗಡೆ ಬಂದಿದ್ದು: ಗಲ್ಲಾದಲ್ಲಿ ನಗದು, ಯುಪಿಐನಲ್ಲಿ ಬಂದಿದ್ದು, ಎರಡೂ ಬೇರೆ ಬೇರೆ. ಕೆಳಗೆ ಒಂದು ಸಾಲು "ಮನೆಗೆ ತಗೊಂಡಿದ್ದು". ಈ ಕೊನೆ ಸಾಲಿಗೇ ಜಗಳ ಆಗೋದು. ಆಗಲಿ, ಬರೆಯಿರಿ. ಗಲ್ಲಾದಿಂದ ನೂರು ಇನ್ನೂರು ಎತ್ತಿಕೊಂಡು ಹೋಗೋದು ನಮ್ಮಲ್ಲಿ ಕಳ್ಳತನ ಅಲ್ಲ, ರೂಢಿ. ಆದರೆ ತಿಂಗಳ ಕೊನೆಗೆ ದುಡ್ಡು ಎಲ್ಲಿ ಹೋಯಿತು ಅಂತ ಹುಡುಕುವಾಗ ಎಣ್ಣೆ ಅಂಗಡಿಯವನ ಮೇಲೆ ಸಿಟ್ಟು ಬರುತ್ತದೆ.

ಎಷ್ಟು ಪ್ಲೇಟ್ ಹೋದವು ಅಂತ ಎಣಿಸುತ್ತಾ ಕೂರಬೇಡಿ. ಬ್ಯಾಚ್ ಎಣಿಸಿ. ಐದು ಬ್ಯಾಚ್ ಹಾಕಿದ್ದರೆ 150 ಪ್ಲೇಟಿನ ದುಡ್ಡು ಬರಬೇಕು. ಬರಲಿಲ್ಲ ಅಂದರೆ ಎಲ್ಲೋ ಸೋರುತ್ತಿದೆ.

ಸೋರಿಕೆ ಎಲ್ಲಿ

ನಮ್ಮಲ್ಲಿ ಹೆಚ್ಚು ಸೋರುತ್ತಿದ್ದದ್ದು ಎಣ್ಣೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರದೇಶದಿಂದ ಬರುವ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗೆ 20% ಮೂಲ ಆಮದು ಸುಂಕ ಹಾಕಿತು. ಅದಕ್ಕೂ ಮುಂಚೆ ಮೂಲ ಸುಂಕ ಸೊನ್ನೆ ಇತ್ತು. ದಸರೆ ಹೊತ್ತಿಗೆ ಟಿನ್ನಿನ ರೇಟ್ ಕೇಳಿ ತಲೆ ತಿರುಗಿತು. 2025ರ ಮೇ ಕೊನೆಗೆ ಅದನ್ನು 10%ಕ್ಕೆ ಇಳಿಸಿದರು. ಡೆಲ್ಲಿಯಲ್ಲಿ ಸುಂಕ ಏರಿದರೆ ನಮ್ಮೂರ ಅಂಗಡಿಯಲ್ಲಿ ಮರುದಿನವೇ ಏರುತ್ತದೆ, ಇಳಿದರೆ ಮಾತ್ರ ನಿಧಾನ. ಅದು ನಮ್ಮ ಕೈಯಲ್ಲಿಲ್ಲ. ಬಾಣಲೆ ನಮ್ಮ ಕೈಯಲ್ಲಿದೆ.

ಮಿರ್ಚಿ ಕರಿದಾಗ ಹಿಟ್ಟಿನ ಚೂರು ಕೆಳಗೆ ಕೂರುತ್ತವೆ. ಅವು ಸುಟ್ಟು ಕಪ್ಪಾಗಿ ಇಡೀ ಎಣ್ಣೆಯನ್ನು ಕೆಡಿಸುತ್ತವೆ. ಪ್ರತಿ ಮೂರನೇ ಸರದಿಗೆ ಜಾಲರಿ ಸೌಟಿನಿಂದ ಚೂರು ತೆಗೆಯಿರಿ. ಒಂಬತ್ತೂವರೆ ಆದ ಮೇಲೆ ಜನ ಕಡಿಮೆ ಆಗುತ್ತಾರೆ, ಆಗ ದೊಡ್ಡ ಬಾಣಲೆ ಇಳಿಸಿ ಸಣ್ಣದು ಇಡಿ. ಎಂಟು ಮಿರ್ಚಿಗೆ ಐದು ಲೀಟರ್ ಎಣ್ಣೆ ಕಾಯಿಸೋದು ಯಾಕೆ? ಇವೆರಡರಿಂದಲೇ ನಮಗೆ ವಾರಕ್ಕೆ ಎರಡು ಲೀಟರಿನಷ್ಟು ಉಳಿಯಿತು. ಹಳೇ ಎಣ್ಣೆಗೆ ಹೊಸದು ಸುರಿದು ಸುರಿದು ಓಡಿಸಬೇಡಿ. ಪದೇ ಪದೇ ಕಾಯಿಸಿದ ಎಣ್ಣೆಗೂ ಕಾನೂನಿದೆ. ಎಣ್ಣೆ ಕೆಟ್ಟಷ್ಟೂ ಅದರಲ್ಲಿ ಹೆಚ್ಚುವ ಟೋಟಲ್ ಪೋಲಾರ್ ಕಾಂಪೌಂಡ್ ಅನ್ನುವ ಅಂಶ 25% ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ. 2018ರ ಜುಲೈಯಿಂದ ಈ ನಿಯಮ ಇದೆ. ಅಳೆಯುವ ಯಂತ್ರ ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಎಣ್ಣೆ ನೊರೆ ಕಟ್ಟಿದರೆ, ಬೇಗ ಹೊಗೆ ಬಂದರೆ, ಬೆರಳಿಗೆ ಅಂಟಿದರೆ ಮುಗಿಯಿತು ಅಂತ ತಿಳಿಯಿರಿ.

ಗ್ಯಾಸ್ ವಿಷಯ. ವಾಣಿಜ್ಯ ಸಿಲಿಂಡರ್ 19 ಕೆಜಿ. ರೇಟ್ ಸಾಮಾನ್ಯವಾಗಿ ಪ್ರತಿ ತಿಂಗಳ ಒಂದನೇ ತಾರೀಕು ಬದಲಾಗುತ್ತದೆ. ಬಂದ ಕೂಡಲೇ ತೂಗಿಸಿಕೊಳ್ಳಿ. ಖಾಲಿ ತೂಕ ಸಿಲಿಂಡರ್ ಮೇಲೇ ಬರೆದಿರುತ್ತದೆ, ಅದಕ್ಕೆ 19 ಕೂಡಿಸಿದರೆ ಆಯಿತು. ಹಚ್ಚಿದ ದಿನವನ್ನು ಸೀಮೆಸುಣ್ಣದಿಂದ ಅದರ ಮೇಲೆ ಬರೆಯಿರಿ. ನಾಲ್ಕು ದಿನ ಬರೋದು ಮೂರೂವರೆಗೆ ಮುಗಿದರೆ ಬರ್ನರ್ ನೋಡಿ. ಉರಿ ಹಳದಿ ಇದ್ದರೆ ಗ್ಯಾಸ್ ಸುಮ್ನೆ ಹೋಗುತ್ತಿದೆ ಅಂತ ಅರ್ಥ. ಮನೆಯ ಕೆಂಪು ಸಿಲಿಂಡರ್ ತಂದು ಅಂಗಡಿಯಲ್ಲಿ ಹಚ್ಚೋದು ಎಲ್ಲರಿಗೂ ಆಸೆಯೇ. ಸಿಕ್ಕಿಬಿದ್ದರೆ ಸಿಲಿಂಡರೂ ಹೋಗುತ್ತದೆ, ಕೇಸೂ ಆಗುತ್ತದೆ. ಒಂದು ತಿಂಗಳ ಉಳಿತಾಯಕ್ಕೆ ಅಂಗಡಿಯನ್ನೇ ಅಡವಿಡಬೇಡಿ.

ಕರೆಂಟು ಬಿಲ್ಲಿನಲ್ಲಿ ಯುನಿಟ್ ಮಾತ್ರ ನೋಡಬೇಡಿ. ನಮ್ಮ ಕಡೆ ಜೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತದೆ. ನಿಗದಿತ ಶುಲ್ಕ ಅದರ ಮೇಲೆ ಬೀಳುತ್ತದೆ, ಸ್ವಿಚ್ ಹಾಕಿದರೂ ಹಾಕದಿದ್ದರೂ. ಹಿಂದೆ ಇದ್ದವರು ಗ್ರೈಂಡರ್, ಫ್ರೀಜರ್ ಅಂತ ಜಾಸ್ತಿ ಬರೆಸಿರುತ್ತಾರೆ. ನಿಮಗೆ ಬೇಡವಾದರೆ ಕಡಿಮೆ ಮಾಡಲು ಅರ್ಜಿ ಕೊಡಿ.

ರೇಟ್ ಏರಿಸೋದು

2025ರ ಏಪ್ರಿಲ್ ಒಂದರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಜಾಸ್ತಿ ಆಯಿತು. ಆಗಲೂ ನಾವು ಚಹಾ 10ಕ್ಕೇ ಕೊಟ್ಟೆವು. ಪಕ್ಕದವನು ಏರಿಸಲಿ, ಆಮೇಲೆ ನೋಡೋಣ ಅಂತ. ಪಕ್ಕದವನೂ ನಮ್ಮನ್ನೇ ನೋಡುತ್ತಿದ್ದ. ಸಣ್ಣ ವ್ಯಾಪಾರ ಸಾಯೋದು ಹೀಗೇ. ಒಬ್ಬರ ಮುಖ ಒಬ್ಬರು ನೋಡುತ್ತಾ.

ಪ್ಲೇಟಿನ ಪ್ರಮಾಣ ಕದಿಯಬೇಡಿ. ದಿನಾ ತಿನ್ನುವವನ ಕೈಗೆ ಗೊತ್ತಾಗುತ್ತದೆ. ನಾವು ಮಾಡಿದ್ದು ಇಷ್ಟು: 35ಕ್ಕೆ ಒಗ್ಗರಣೆ ಜೊತೆ ಒಂದು ಮಿರ್ಚಿ, 40ಕ್ಕೆ ಎರಡು. ಒಂದು ವಾರ ಮುಂಚೆ ಬೋರ್ಡ್ ಹಾಕಿದೆವು. ಒಂದು ಮಿರ್ಚಿಯ ಪ್ಲೇಟಿಗೆ ನಮಗೆ ಬೀಳೋದು 29.52, ಎರಡರದ್ದಕ್ಕೆ 34.40. ಎರಡರಲ್ಲೂ ಐದೂವರೆ ರೂಪಾಯಿ ಹತ್ತಿರ ಉಳಿಯುತ್ತದೆ. ಗಿರಾಕಿ ಯಾವುದನ್ನು ಆರಿಸಿದರೂ ನಮಗೆ ಬೇಜಾರಿಲ್ಲ.

ಮೊದಲ ದಿನ ಫ್ಯಾಕ್ಟರಿಯ ಒಬ್ಬ ಅಣ್ಣ ಬೋರ್ಡ್ ನೋಡಿ, "ಏನ್ರೀ ಅಕ್ಕಾ, ನಮ್ಮ ಮಿರ್ಚಿ ಕಸಗೊಂಡ್ರಲ್ಲ" ಅಂದರು. ಪುಸ್ತಕ ತೆಗೆದು ಮಿರ್ಚಿಯ ಪುಟ ತೋರಿಸಿದೆ. ಓದಿದರು. "ಎಣ್ಣಿ ಇಷ್ಟ ಕುಡಿತೈತೇನ್ರೀ ಇದು" ಅಂತ ಕೈಯಲ್ಲಿದ್ದ ಮಿರ್ಚಿಯನ್ನು ತಿರುಗಿಸಿ ನೋಡಿದರು. ಆಮೇಲೆ 40ರದ್ದೇ ತಿಂದರು. ಎಲ್ಲರಿಗೂ ಪುಸ್ತಕ ತೋರಿಸಿ ಅಂತ ಹೇಳುತ್ತಿಲ್ಲ. ಆದರೆ ಕೇಳಿದರೆ ತೋರಿಸುವಂತಿರಬೇಕು.

ಎರಡು ವಾರ ದಿನಕ್ಕೆ ಹತ್ತು ಹನ್ನೆರಡು ಪ್ಲೇಟ್ ಕಡಿಮೆ ಹೋದವು. ನಮ್ಮ ಮನೆಯವರು ಹೆದರಿದರು. ಲೆಕ್ಕ ಮೊದಲೇ ಹಾಕಿಟ್ಟಿದ್ದೆವು: ಹೊಸ ರೇಟಿನಲ್ಲಿ, ಮುಂದೆ ಹೇಳುವ ತೆರಿಗೆ ಕಟ್ಟಿಯೂ, 150 ಇದ್ದದ್ದು 125ಕ್ಕೆ ಇಳಿದರೂ ಮೊದಲಿಗಿಂತ ಕಡಿಮೆ ಉಳಿಯಲ್ಲ. ನೀವೂ ಏರಿಸುವ ಮುಂಚೆ ಈ ಅಂಕಿ ಕಂಡುಹಿಡಿದುಕೊಳ್ಳಿ, ನಿದ್ದೆ ಬರುತ್ತದೆ. ಬಿಟ್ಟು ಹೋದವರಲ್ಲಿ ಬಹಳ ಜನ ತಿಂಗಳೊಳಗೆ ವಾಪಸ್ ಬಂದರು.

ಏರಿಸುವ ದಿನವೂ ನೋಡಬೇಕು. ನಮ್ಮೂರ ಗವಿಮಠದ ಜಾತ್ರೆ ಹೊತ್ತಿಗೆ ಏರಿಸಿದರೆ ಜಾತ್ರೆ ನೋಡಿ ಸುಲಿಗೆ ಮಾಡಿದರು ಅಂತ ಹೆಸರು ಬರುತ್ತದೆ, ವರ್ಷವಿಡೀ ಹೋಗಲ್ಲ. ಜಾತ್ರೆಯಲ್ಲಿ ನಮಗೆ ಭಾರೀ ವ್ಯಾಪಾರ ಅಂತ ಜನ ತಿಳಿಯುತ್ತಾರೆ. ಮಠದವರು ಎಲ್ಲರಿಗೂ ಊಟ ಹಾಕುವ ಮಹಾದಾಸೋಹದಲ್ಲಿ ಮಿರ್ಚಿ ಬಡಿಸುವ ದಿನ ನಮ್ಮ ಬಾಣಲೆ ತಣ್ಣಗಿರುತ್ತದೆ. ಮಠದ ಅಜ್ಜನ ಪ್ರಸಾದದ ಮುಂದೆ ನಮ್ಮ ಮಿರ್ಚಿ ಯಾರು ಕೇಳುತ್ತಾರೆ! ಆ ದಿನ ನಾವೂ ಅಲ್ಲೇ ಹಿಟ್ಟು ಕಲಸುತ್ತಾ ಇರುತ್ತೇವೆ.

ಜಿಎಸ್‌ಟಿ ಗೆರೆ

ಈಗ ಎಲ್ಲರೂ ಹೆದರುವ ವಿಷಯ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. 2021-22ರಿಂದ 2024-25ರವರೆಗೆ ಯುಪಿಐನಲ್ಲಿ ಬಂದ ದುಡ್ಡು ನೋಡಿ ಕೊಟ್ಟದ್ದು. ಎಷ್ಟೋ ಕಡೆ ಕ್ಯೂಆರ್ ಕೋಡ್ ಹರಿದು "ನಗದು ಮಾತ್ರ" ಅಂತ ಚೀಟಿ ಅಂಟಿಸಿದರು. ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಜೊತೆ ಸಭೆ ಮಾಡಿ ಹಳೆ ಬಾಕಿ ವಸೂಲಿ ಮಾಡಲ್ಲ, ಆದರೆ ನೋಂದಣಿ ಮಾಡಿಸಲೇಬೇಕು ಅಂದರು.

ನಮಗೆ ನೋಟಿಸ್ ಬರಲಿಲ್ಲ. ಆದರೆ ಮಗಳು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಾಗ ನನ್ನ ಎದೆ ಧಸಕ್ ಅಂತು. ಅಂಗಡಿಯ ಕ್ಯೂಆರ್‌ಗೇ ಅಕ್ಕಂದಿರ ಚೀಟಿ ದುಡ್ಡು ಬಂದಿತ್ತು, ತಮ್ಮ ವಾಪಸ್ ಕೊಟ್ಟ ಸಾಲ ಬಂದಿತ್ತು, ಮೈದುನ ಎಮ್ಮೆ ಮಾರಿ ಕಳಿಸಿದ 60,000 ಬಂದಿತ್ತು. ಕಂಪ್ಯೂಟರಿಗೆ ಅದೆಲ್ಲ ಒಗ್ಗರಣೆಯೇ. ಹಾಗಾಗಿ ಮೊದಲ ಕೆಲಸ ಇದು: ಅಂಗಡಿಗೆ ಬೇರೆ ಖಾತೆ, ಬೇರೆ ಕ್ಯೂಆರ್. ಅದರಲ್ಲಿ ಗಿರಾಕಿ ದುಡ್ಡು ಬಿಟ್ಟು ಬೇರೇನೂ ಬರಕೂಡದು. ಹಿಂದಿನ ಸ್ಟೇಟ್‌ಮೆಂಟ್ ತೆಗೆಸಿ ಮನೆ ದುಡ್ಡು ಬಂದ ಕಡೆಯಲ್ಲೆಲ್ಲ ಪಕ್ಕದಲ್ಲಿ ಯಾರದ್ದು, ಯಾಕೆ ಅಂತ ಬರೆದಿಡಿ. ನಾಳೆ ಕೇಳಿದರೆ ನೆನಪಿರಲ್ಲ.

ಕ್ಯೂಆರ್ ತೆಗೆದುಹಾಕೋದು ಪರಿಹಾರ ಅಲ್ಲ. ವಹಿವಾಟು ಅಂದರೆ ನಗದು, ಯುಪಿಐ ಎರಡೂ. ಫ್ಯಾಕ್ಟರಿ ಹುಡುಗರ ಜೇಬಿನಲ್ಲಿ ಹತ್ತರ ನೋಟೂ ಇರಲ್ಲ, ಅವರು ಪಕ್ಕದಂಗಡಿಗೆ ಹೋಗುತ್ತಾರೆ ಅಷ್ಟೇ.

ನೋಂದಣಿ ಮಾಡಿಸಲೇಬೇಕಾದ ಗೆರೆ ಎಲ್ಲಿದೆ? ಬರೀ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ. ಸೇವೆಗೆ 20 ಲಕ್ಷ. ಹೋಟೆಲ್ ಊಟ-ತಿಂಡಿ ಸೇವೆಯ ಲೆಕ್ಕಕ್ಕೆ ಬರುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ, 40 ಅಂತಲೇ ತಿಳಿದಿರುತ್ತಾರೆ. 20 ಲಕ್ಷ ಕೇಳೋಕೆ ದೊಡ್ಡದು. ದಿನಕ್ಕೆ ಭಾಗಿಸಿದರೆ 365 ದಿನಕ್ಕೆ ಸುಮಾರು 5,480 ರೂಪಾಯಿ. ಅದು ಲಾಭ ಅಲ್ಲ, ಗಲ್ಲಾಕ್ಕೆ ಬಂದ ಒಟ್ಟು ದುಡ್ಡು.

ನಮ್ಮದು ನೋಡಿ. ಹಳೆ ರೇಟಿನಲ್ಲಿ ಪ್ಲೇಟಿನಿಂದ 5,250, ಚಹಾದಿಂದ 800, ಒಟ್ಟು 6,050. ವಾರಕ್ಕೊಂದು ರಜೆ ಬಿಟ್ಟು 312 ದಿನಕ್ಕೆ 18 ಲಕ್ಷ 88 ಸಾವಿರ. ಗೆರೆಯ ಒಳಗೆ. ರೇಟ್ ಬದಲಿಸಿದ ಮೇಲೆ ಅರ್ಧ ಜನ 35ರದ್ದು, ಅರ್ಧ ಜನ 40ರದ್ದು ತಿಂದರೆ ದಿನಕ್ಕೆ 6,425, ವರ್ಷಕ್ಕೆ 20 ಲಕ್ಷ 5 ಸಾವಿರದ ಹತ್ತಿರ. ಗೆರೆ ದಾಟಿತು! ಒಂದೇ ಒಂದು ಪ್ಲೇಟ್ ಜಾಸ್ತಿ ಮಾರದೆ, ಬರೀ ರೇಟ್ ಏರಿದ್ದಕ್ಕೆ. ಸಾಮಾನಿನ ರೇಟ್ ಏರಿದಂತೆ ಈ 20 ಲಕ್ಷ ತಾನಾಗಿ ಏರಲ್ಲ. ಇದು ನನಗೆ ಅನ್ಯಾಯ ಅಂತಲೇ ಅನ್ನಿಸುತ್ತದೆ, ಹೇಳದೆ ಇರಲಾರೆ.

"ವರ್ಷಕ್ಕೆ ಒಂದು ದಿನ ಜಾಸ್ತಿ ರಜೆ ಮಾಡಿದ್ರೆ 20ರ ಒಳಗೇ ಇರ್ತೀವಲ್ಲ" ಅಂದರು ನಮ್ಮ ಮನೆಯವರು. ಲೆಕ್ಕ ಸರಿಯೇ. ಆದರೆ ಒಂದು ಶ್ರಾವಣ ಚೆನ್ನಾಗಿ ನಡೆದರೆ ಮತ್ತೆ ದಾಟುತ್ತೇವೆ. ಹಣಕಾಸು ವರ್ಷ ಮುಗಿಯುತ್ತಾ ಬಂದ ಪ್ರತಿ ಫೆಬ್ರುವರಿಯಲ್ಲಿ ಗಿರಾಕಿ ನೋಡಿ ಹೆದರುವ ವ್ಯಾಪಾರ ಯಾರಿಗೆ ಬೇಕು? ನೋಂದಣಿ ಮಾಡಿಸಿದೆವು. ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು.

ಹೋಟೆಲಿಗೆ ಎರಡು ದಾರಿ ಇವೆ. ಒಂದು ಕಾಂಪೊಸಿಷನ್, ವರ್ಷಕ್ಕೆ ಒಂದೂವರೆ ಕೋಟಿವರೆಗೆ. ಒಟ್ಟು ವಹಿವಾಟಿನ 5% ನಿಮ್ಮ ಜೇಬಿನಿಂದ ಕಟ್ಟಬೇಕು, ಗಿರಾಕಿ ಹತ್ತಿರ ತೆರಿಗೆ ಅಂತ ಬೇರೆ ಕೇಳುವಂತಿಲ್ಲ. ಇನ್ನೊಂದು ಸಾಮಾನ್ಯ ನೋಂದಣಿ. ಅಲ್ಲೂ ಹೋಟೆಲಿಗೆ 5%, ಗಿರಾಕಿ ಹತ್ತಿರ ಕೇಳಬಹುದು, ಆದರೆ ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗಲ್ಲ. ಕೇಳಬಹುದು ಅಂತ ಕಾನೂನು ಹೇಳಿದರೂ 40ರ ಪ್ಲೇಟಿಗೆ 42 ಕೇಳಿ ನೋಡಿ! ಹಾಗಾಗಿ ಎರಡರಲ್ಲೂ ತೆರಿಗೆ ರೇಟಿನೊಳಗೇ ಇರುತ್ತದೆ. 40ರಲ್ಲಿ ಕಾಂಪೊಸಿಷನ್‌ಗೆ 2 ರೂಪಾಯಿ, ಸಾಮಾನ್ಯಕ್ಕೆ 1 ರೂಪಾಯಿ 90 ಪೈಸೆ. ಹತ್ತು ಪೈಸೆಯ ವ್ಯತ್ಯಾಸ. ಕಾಗದದ ಕೆಲಸದ ವ್ಯತ್ಯಾಸ ಮಾತ್ರ ದೊಡ್ಡದು. ಕಾಂಪೊಸಿಷನ್‌ನಲ್ಲಿ ಮೂರು ತಿಂಗಳಿಗೊಮ್ಮೆ ಸಿಎಂಪಿ-08 ಅನ್ನುವ ಫಾರಂ ತುಂಬಿ ಮುಂದಿನ ತಿಂಗಳ 18ರೊಳಗೆ ದುಡ್ಡು ಕಟ್ಟಬೇಕು, ವರ್ಷಕ್ಕೊಮ್ಮೆ ಜೂನ್ 30ರೊಳಗೆ ಜಿಎಸ್‌ಟಿಆರ್-4 ಅನ್ನುವ ರಿಟರ್ನ್. ನಾವು ಅದನ್ನೇ ತಗೊಂಡೆವು. ಹೊಸದಾಗಿ ನೋಂದಾಯಿಸುವಾಗಲೇ ಆರಿಸಿಕೊಳ್ಳಬಹುದು. ಈಗಾಗಲೇ ಸಾಮಾನ್ಯದಲ್ಲಿ ಇದ್ದರೆ ಹೊಸ ಹಣಕಾಸು ವರ್ಷ ಶುರುವಾಗುವ ಮುಂಚೆ ಬದಲಿಸಿಕೊಳ್ಳಬೇಕು. ಅಂಗಡಿಯಲ್ಲಿ ಕಾಂಪೊಸಿಷನ್ ತೆರಿಗೆದಾರ ಅಂತ ಬೋರ್ಡ್ ಇರಬೇಕು. 200 ರೂಪಾಯಿ ಒಳಗಿನ ವ್ಯಾಪಾರಕ್ಕೆ ಗಿರಾಕಿ ಕೇಳದಿದ್ದರೆ ಬಿಲ್ ಕೊಡಬೇಕಿಲ್ಲ, ದಿನದ ಕೊನೆಗೆ ಎಲ್ಲಕ್ಕೂ ಸೇರಿಸಿ ಒಂದು ಬರೆದರೆ ಸಾಕು.

ತೆರಿಗೆ ದಿನಕ್ಕೆ 321 ರೂಪಾಯಿ ಬೀಳುತ್ತದೆ. ನಾನು ಅದನ್ನು ಪ್ರತಿದಿನ ಬೇರೆ ಡಬ್ಬಿಗೆ ಹಾಕುತ್ತೇನೆ. ಮೂರು ತಿಂಗಳಿಗೊಮ್ಮೆ 25,000 ಒಟ್ಟಿಗೆ ಹುಡುಕೋಕೆ ಹೋದರೆ ಬಡ್ಡಿ ಅಂಗಡಿ ಬಾಗಿಲಿಗೇ ಹೋಗಬೇಕು. ಅದನ್ನೆಲ್ಲ ಕಳೆದು ನಮಗೀಗ ದಿನಕ್ಕೆ 790 ಉಳಿಯುತ್ತದೆ. ಮೊದಲು 370 ಇತ್ತು.

ಉಳಿದ ಕಾಗದಗಳು

ಆಹಾರದ ಲೈಸೆನ್ಸ್ ವಿಷಯದಲ್ಲಿ ನಾನು ಪೆಟ್ಟು ತಿಂದೆ. 2023ರಲ್ಲಿ ಒಬ್ಬ ಏಜೆಂಟ್ 3,500 ರೂಪಾಯಿ ತಗೊಂಡು ಎಫ್‌ಎಸ್‌ಎಸ್‌ಎಐ ಕಾಗದ ತಂದುಕೊಟ್ಟ. ಗೋಡೆಗೆ ಫ್ರೇಮ್ ಹಾಕಿಸಿದೆ. ಆಮೇಲೆ ಗೊತ್ತಾಯಿತು, ಅದು ಆಗ ವರ್ಷಕ್ಕೆ 12 ಲಕ್ಷದೊಳಗಿನವರಿಗೆ ಕೊಡುತ್ತಿದ್ದ ನೋಂದಣಿ. ಆಗ ಅದರ ಸರ್ಕಾರಿ ಶುಲ್ಕ ವರ್ಷಕ್ಕೆ 100 ರೂಪಾಯಿ. ನಮ್ಮ ವ್ಯಾಪಾರಕ್ಕೆ ಬೇಕಿದ್ದದ್ದು ರಾಜ್ಯ ಲೈಸೆನ್ಸ್, ವರ್ಷಕ್ಕೆ 2,000. ಜಿಎಸ್‌ಟಿಯಲ್ಲಿ 20 ಲಕ್ಷ ಅಂತ ಬರೆದು ಆಹಾರದ ಕಾಗದದಲ್ಲಿ 12ರ ಒಳಗೆ ಅಂದರೆ ಹೇಗೆ? ಒಂದು ಕಾಗದ ಇನ್ನೊಂದರ ಮೇಲೆ ಸಾಕ್ಷಿ ಹೇಳುತ್ತದೆ. ಎಲ್ಲ ಕಡೆ ಒಂದೇ ಅಂಕಿ ಇರಲಿ, ಆ ಅಂಕಿ ನಿಮ್ಮ ನೋಟ್‌ಬುಕ್ಕಿನಿಂದ ಬರಲಿ. ಅರ್ಜಿಯನ್ನು ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ವೆಬ್‌ಸೈಟಿನಲ್ಲಿ ನೀವೇ ಹಾಕಬಹುದು. ನೀವು ಹಾಕುವ ದಿನದ ಮಿತಿ, ಶುಲ್ಕ ಎಷ್ಟು ಅಂತ ಅಲ್ಲೇ ನೋಡಿಕೊಳ್ಳಿ, ಇವು ಬದಲಾಗುತ್ತಿರುತ್ತವೆ. ನಿಮ್ಮ ಮನೆಯಲ್ಲೂ ಓದುವ ಮಕ್ಕಳಿರುತ್ತಾರಲ್ವಾ, ಅವರನ್ನು ಕೂರಿಸಿ. ಎರಡನೇ ಸಲ ನನ್ನ ಮಗಳೇ ಹಾಕಿದಳು.

ಮಿರ್ಚಿಯನ್ನು ಪತ್ರಿಕೆಯ ಹಾಳೆಯಲ್ಲಿ ಕೊಡುವ ರೂಢಿ ನಮ್ಮ ಕಡೆ ಎಲ್ಲರಿಗೂ ಇದೆ. ಗಿರಾಕಿ ಮಿರ್ಚಿಯನ್ನು ಹಾಳೆಯಲ್ಲಿ ಒತ್ತಿ ಎಣ್ಣೆ ಹಿಂಡಿ, ಅದೇ ಹಾಳೆಯಲ್ಲಿ ನಿನ್ನೆಯ ಸುದ್ದಿ ಓದುತ್ತಾ ತಿನ್ನುತ್ತಾನೆ. ಒಂದು ದಿನ ಬಿಸಿ ಮಿರ್ಚಿ ಎತ್ತಿ ನೋಡಿದರೆ ಅದರ ಮೇಲೆ ಕಪ್ಪು ಅಕ್ಷರ ಉಲ್ಟಾ ಮೂಡಿದ್ದವು. ಆ ಶಾಯಿ ಹೊಟ್ಟೆಗೆ ಹೋಗುತ್ತದೆ. ಅಚ್ಚಾದ ಪತ್ರಿಕೆಯಲ್ಲಿ ತಿಂಡಿ ಕಟ್ಟೋದು, ಬಡಿಸೋದು ನಿಯಮಕ್ಕೂ ವಿರುದ್ಧ. ಈಗ ಖಾಲಿ ಬಿಳಿ ಹಾಳೆ ಕೆಜಿ ಲೆಕ್ಕದಲ್ಲಿ ತರುತ್ತೇನೆ, ಸಿಕ್ಕಾಗ ಮುತ್ತುಗದ ಎಲೆ. ಪ್ಲೇಟಿಗೆ ಪ್ಲಾಸ್ಟಿಕ್ ಹಾಳೆ ಹಾಸಿ ಕೊಟ್ಟರೆ ತೊಳೆಯುವ ಕೆಲಸ ತಪ್ಪುತ್ತದೆ ಅಂತ ಕೆಲವರು ಮಾಡುತ್ತಾರೆ. ರಾಜ್ಯದಲ್ಲಿ ಪ್ಲಾಸ್ಟಿಕ್ ನಿಷೇಧ 2016ರಿಂದಲೇ ಇದೆ. 2025ರಲ್ಲಿ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸೋದನ್ನೂ ನಿಲ್ಲಿಸಿದರು. ಬಿಸಿ ತಿಂಡಿಗೆ ಪ್ಲಾಸ್ಟಿಕ್ ತಾಗಿಸಲೇಬೇಡಿ.

ನಗರಸಭೆಯ ಉದ್ದಿಮೆ ಪರವಾನಗಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಅವಧಿ ಮುಗಿಯುವ ಮುಂಚೆಯೇ ನವೀಕರಿಸಿ, ತಡವಾದರೆ ದಂಡ. ಖಾರ, ಮಂಡಾಳು ತೂಗಿ ಮಾರುತ್ತಿದ್ದರೆ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. 14ರ ಒಳಗಿನ ಹುಡುಗರನ್ನು ಕೆಲಸಕ್ಕೆ ಇಡಬೇಡಿ, ಊರಿನವರು, ಬೀಗರು ಯಾರು ಹೇಳಿದರೂ. ಬೋರ್ಡಿನಲ್ಲಿ 60% ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂತು. ನಮ್ಮ ಬೋರ್ಡಿನಲ್ಲಿ 100% ಇದೆ. ಬರೆದ ಪೇಂಟರ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಸಾಲ ಬೇಕಾದರೆ ಮೊದಲು ಉದ್ಯಮ್ ನೋಂದಣಿ ಮಾಡಿಸಿ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸಿ. ಸರ್ಕಾರಿ ವೆಬ್‌ಸೈಟಿನಲ್ಲಿ ಅದಕ್ಕೆ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಅಂದರೆ ತಪ್ಪು ಮನೆಗೆ ಬಂದಿದ್ದೀರಿ. ಮುದ್ರಾ ಸಾಲ ಯೋಜನೆಯಲ್ಲಿ ಶಿಶು ಅಂತ 50,000ವರೆಗೆ ಅಡವಿಲ್ಲದೆ ಕೊಡುತ್ತಾರೆ. ತಳ್ಳುಗಾಡಿಯವರಿಗೆ ಪಿಎಂ ಸ್ವನಿಧಿ ಸಾಲ ಇದೆ, 2025ರಲ್ಲಿ ಮೊದಲ ಕಂತನ್ನು 15,000 ಮಾಡಿದ್ದಾರೆ. ಬ್ಯಾಂಕಿಗೆ ಹೋಗುವಾಗ ಪುಸ್ತಕ ಹಿಡಿದುಕೊಂಡು ಹೋಗಿ. ನನ್ನ ಪುಸ್ತಕದ ಅಂಚಿಗೆಲ್ಲ ಎಣ್ಣೆ ಕಲೆ. ಮ್ಯಾನೇಜರ್ ಎರಡು ಬೆರಳಲ್ಲಿ ಹಿಡಿದು ನಾಲ್ಕು ಪುಟ ತಿರುಗಿಸಿದರು, ಆಮೇಲೆ ಪೂರ್ತಿ ಕೈಯಿಟ್ಟು ಓದತೊಡಗಿದರು.

ನಿನ್ನೆ ಐದು ಬ್ಯಾಚಿಗೆ 142 ಪ್ಲೇಟಿನ ದುಡ್ಡೇ ಬಂದಿದೆ. ಎಂಟು ಪ್ಲೇಟ್ ಕಡಿಮೆ. ಗಲ್ಲಾ ನನ್ನ ಹತ್ತಿರವೇ ಇತ್ತು, ಯುಪಿಐ ಸರಿ ಇದೆ. ಹಾಗಾದರೆ ಪ್ಲೇಟ್ ಹಾಕುವ ಕೈ ಜೋರಾಗಿದೆ. ನಿನ್ನೆ ಪ್ಲೇಟ್ ಹಾಕಿದ್ದು ನಮ್ಮ ಮನೆಯವರು, ಅವರ ಊರಿನ ನಾಲ್ಕು ಜನ ಬಂದಿದ್ದರು. ನಾಳೆಯಿಂದ ಪ್ಲೇಟಿಗೆ ಅಳತೆಯ ಬಟ್ಟಲು ಇಡುತ್ತೇನೆ. ಅವರಿಗೆ ಇನ್ನೂ ಹೇಳಿಲ್ಲ.